ಅಕ್ಕನ ಎಡ, ಎಸೆಯುವವರ ಎಡ

ಆ ಪಾರ್ಕಿನಲ್ಲಿ ಅವಳನ್ನು ಎಲ್ಲರೂ ತಂಗಿ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತೊಂದು, ಮುಂದಲೆ ನರೆತಿತ್ತು, ಮೆಟ್ಟಿಲಿಳಿದರೆ ಮಂಡಿ ಹಿಡಿಯುತ್ತಿತ್ತು. ಆದರೂ ತಂಗಿ. ಅವಳ ಅಕ್ಕ ಅಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವಳು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಇವಳು ಗೇಟಿನಲ್ಲಿ ಕಂಡರೆ ಸಾಕು, ಮೈದಾನದ ಆ ತುದಿಯಿಂದ "ತಂಗೀ" ಎಂದು ಕೂಗುತ್ತಿದ್ದಳು. ಆ ಕೂಗಿಗೆ ಮರದ ಮೇಲಿನ ಹಕ್ಕಿ ಹಾರಬೇಕು. ಕೂಗಿದ ಹೆಸರೇ ಅಂಟಿಕೊಂಡಿತು. ಚಕ್ರದ ಹಲಗೆ ಮೇಲೆ ಜಾರಾಡುವ ಹುಡುಗಿಯರು ಮರ್ಯಾದೆ ಬಿಡಬಾರದು ಅಂತ "ತಂಗಿ ಆಂಟಿ" ಅನ್ನುತ್ತಿದ್ದರು. ಹಲ್ಲಿನ ಡಾಕ್ಟರಮ್ಮ ಇನ್ನೊಂದು ಹೆಜ್ಜೆ ಮುಂದೆ ಹೋಗಿ "ತಂಗಿಯಕ್ಕ" ಮಾಡಿದ್ದರು. ಹೀಗೆ ಒಂದೇ ಜೀವ ತಂಗಿಯೂ ಆಗಿ, ಅಕ್ಕನೂ ಆಗಿ, ಆಂಟಿಯೂ ಆಗಿತ್ತು. ಅವಳಿಗೇನೂ ತಕರಾರಿರಲಿಲ್ಲ. ಅಕ್ಕ ತೀರಿಕೊಂಡ ಹನ್ನೊಂದು ತಿಂಗಳಿಂದ ಅವಳಿಗೆ ಯಾವುದಕ್ಕೂ ತಕರಾರಿರಲಿಲ್ಲ.

ಅಕ್ಕ ಹೋದ ಮೇಲೆ ಅವಳ ಕೆಲಸ ಇವಳಿಗೆ ಬಂತು. ಅಷ್ಟು ದಿನ ಇವಳು ಒಂದು ದೊಡ್ಡ ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಮಡಚುತ್ತಿದ್ದಳು. ಅಲ್ಲಿ ಬಿಸಿ, ಇಲ್ಲಿ ಗಾಳಿ. ವ್ಯತ್ಯಾಸ ಅಷ್ಟೇ ಅನ್ನಿಸಿತು.

ಕೆಲಸ ಏನಪ್ಪಾ ಅಂದರೆ ಡಿಸ್ಕ್ ಗಾಲ್ಫ್ ಮೈದಾನ ನೋಡಿಕೊಳ್ಳುವುದು. ಗೇಟಿನ ಫಲಕದಲ್ಲಿ ಹಾಗೆ ಬರೆದಿತ್ತು, ಜನರ ಬಾಯಲ್ಲಿ ಅದು ತಟ್ಟೆಯಾಟ. ಒಂದು ಸಿಮೆಂಟ್ ಹಾಸಿನ ಮೇಲೆ ನಿಂತು ಪ್ಲಾಸ್ಟಿಕ್ ತಟ್ಟೆ ಎಸೆಯಬೇಕು. ದೂರದಲ್ಲಿ ಆಳೆತ್ತರದ ಕಬ್ಬಿಣದ ಕಂಬ, ಕಂಬದ ನಡುವಿಗೆ ಕೂರಿಸಿದ ಬುಟ್ಟಿ, ಅದರ ಮೇಲೆ ಸುತ್ತಲೂ ಇಳಿಬಿಟ್ಟ ಸರಪಳಿ. ತಟ್ಟೆ ಸರಪಳಿಗೆ ಬಡಿದು ಝಲ್ಲೆಂದು ಬುಟ್ಟಿಗೆ ಬಿದ್ದರೆ ಗೆದ್ದ ಹಾಗೆ. ಅಂಥ ಬುಟ್ಟಿ ಒಂಬತ್ತು, ಗಿಡಮರಗಳ ನಡುವೆ ಹರಡಿಕೊಂಡಿದ್ದವು. ಆಡುವವರಿಗೆ ಅದು ಆಟ. ತಂಗಿಗೆ ಹಾಸಿನ ಮೇಲಿನ ಪಾಚಿ ಉಜ್ಜುವುದು, ಬಾಗಿದ ರೆಂಬೆ ಕತ್ತರಿಸುವುದು, ತುಂಡಾದ ಸರಪಳಿಗೆ ಕೊಂಡಿ ಹಾಕುವುದು, ಕೊಳಕ್ಕೆ ಬಿದ್ದ ತಟ್ಟೆಯನ್ನು ಕುಂಟೆಯಿಂದ ಎಳೆಯುವುದು, ಬುಟ್ಟಿಯ ಬುಡಕ್ಕೆ ಮರದ ಚಕ್ಕೆ ಸುರಿಯುವುದು.

ಎಲ್ಲಕ್ಕಿಂತ ದೊಡ್ಡ ಕೆಲಸ ಬುಟ್ಟಿ ಬದಲಾಯಿಸುವುದು. ಒಂದೊಂದು ಬುಟ್ಟಿಗೂ ನೆಲದಲ್ಲಿ ಎರಡೆರಡು ಗುಂಡಿ. ಗುಂಡಿ ಅಂದರೆ ಸಿಮೆಂಟಿನಲ್ಲಿ ಹೂತ ಕೊಳವೆ. ಕಂಬವನ್ನು ಒಂದರಲ್ಲಿ ನಿಲ್ಲಿಸಿ ಬೀಗ ಹಾಕುವುದು, ಇನ್ನೊಂದಕ್ಕೆ ಮುಚ್ಚಳ. ತಿಂಗಳಿಗೊಮ್ಮೆ ಅದಲುಬದಲು. ಇಲ್ಲದಿದ್ದರೆ ಜನ ಒಂದೇ ಕಡೆ ತುಳಿದು ತುಳಿದು ಹುಲ್ಲು ಸತ್ತು ನೆಲ ಬೋಳಾಗುತ್ತದೆ. "ಮಲಗಿದೋರು ಮಗ್ಗುಲು ಬದಲಾಯಿಸ್ತಾರಲ್ಲ, ನೆಲಕ್ಕೂ ಹಾಗೇ ಕಣೇ" ಎನ್ನುತ್ತಿದ್ದಳು ಅಕ್ಕ.

ಯಾವ ತಿಂಗಳು ಯಾವ ಬುಟ್ಟಿ ಯಾವ ಗುಂಡಿಯಲ್ಲಿ ಅಂತ ಅಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಮೂರು ಎಡ. ನಾಲ್ಕು ಬಲ. ಅಷ್ಟೇ, ಹೆಚ್ಚಿಗೆ ಒಂದಕ್ಷರವಿಲ್ಲ. ಹಿಂದೆ ಒಂದು ಸಲ ಡಬ್ಬಿ ತಂದವಳು ಅದನ್ನು ತಿರುವಿ ನೋಡಿ ಕೇಳಿದ್ದಳು.

"ಎಡ ಅಂದ್ರೆ ಯಾರ ಎಡನೇ? ಅಲ್ಲಿ ನಿಂತು ಎಸೆಯೋರದಾ?"

"ಅವರದ್ಯಾಕೆ? ಅವರು ಎಸೀತಾರೆ, ಹೋಗ್ತಾರೆ. ಬುಟ್ಟಿ ಪಕ್ಕ ನಿಲ್ಲೋಳು ನಾನು. ಬುಟ್ಟಿಗೆ ಮುಖ ಅಂತ ಇದ್ರೆ ಯಾವ ಕಡೆ ಇರುತ್ತೆ ಹೇಳು? ಎಸೆಯೋರ ಕಡೆ. ಹಾಗಾದ್ರೆ ಬುಟ್ಟಿಯ ಎಡಗೈ ಯಾವುದು?"

"ಬುಟ್ಟಿಗೆ ಕೈ ಬೇರೆ ಇದೆಯಾ!"

"ನನ್ನ ಕೈಯೇ ಅದರ ಕೈ. ಹೋಗು, ಡಬ್ಬಿ ತೊಳ್ಕೊಂಡು ಬಾ."

ಹೀಗೆ ಅಕ್ಕನ ಎಡ, ಎಸೆಯುವವರ ಬಲ. ಆಫೀಸಿನ ಕಾಗದಗಳಲ್ಲಿ ಮಾತ್ರ ಎಡ ಎಂದರೆ ಎಸೆಯುವವರ ಎಡವೇ. ಕಾಗದ ಬಂದಾಗಲೆಲ್ಲ ಅಕ್ಕ ಅದನ್ನು ಮನಸ್ಸಿನಲ್ಲೇ ತಿರುವಿಕೊಂಡು ಕೆಲಸ ಮಾಡುತ್ತಿದ್ದಳು. ಹೀಗೆ ತಿರುವಿಕೊಳ್ಳಬೇಕು ಎನ್ನುವುದನ್ನು ತಂಗಿಗೆ ಹೇಳುವುದು ಉಳಿದುಹೋಯಿತು. ಸಾಯುವವರು ಮುಖ್ಯವಾದದ್ದನ್ನು ಹೇಳಿಯೇ ಹೋಗುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ. ಆಸ್ಪತ್ರೆಯ ಮಂಚದ ಮೇಲೆ ಅಕ್ಕ ಕೊನೆಗೆ ಕೇಳಿದ್ದು, ಬರುವಾಗ ಗ್ಯಾಸ್ ಆಫ್ ಮಾಡಿದೆಯಾ ಎಂದು. ಮಾಡಿದ್ದೇನೆ ಅಂದಳು ತಂಗಿ. ಅಕ್ಕ ಆ ಕಡೆ ಮುಖ ತಿರುಗಿಸಿದಳು. ಮುಗಿಯಿತು.

ತಂಗಿ ಅಳಲಿಲ್ಲ. ಜನ ಮೊದಲು ಗಟ್ಟಿಗಿತ್ತಿ ಅಂದರು, ಆಮೇಲೆ ಕಲ್ಲು ಅಂದರು. ಎರಡೂ ಅಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಎದ್ದಾಗ ಕೈ ಜೋಮು ಹಿಡಿದಿರುತ್ತದಲ್ಲ, ಕೈ ಇದೆ, ಎತ್ತಿದರೆ ಏಳುತ್ತದೆ, ನಮ್ಮದು ಅನ್ನಿಸುವುದಿಲ್ಲ, ಹಾಗಿತ್ತು ಅವಳಿಗೆ. ಹೊತ್ತಿಗೆ ಸರಿಯಾಗಿ ಎದ್ದಳು, ಉಂಡಳು, ಪಾಚಿ ಉಜ್ಜಿದಳು. ಗಾಣದೆತ್ತಿಗೆ ದಾರಿ ಕೇಳುವ ಅಗತ್ಯ ಇರುವುದಿಲ್ಲ.

ಮನೆಯಲ್ಲಿ ಭಾವ ಇದ್ದರು, ಅಕ್ಕನ ಗಂಡ. ತಂಗಿಗೂ ಒಂದು ಮದುವೆ ಆಗಿತ್ತು, ಬೇಗ ಮುಗಿದಿತ್ತು, ಅಂದಿನಿಂದ ಅಕ್ಕನ ಮನೆಯೇ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸುವ ಒಂದು ಬಾಲ್ಕನಿ. ಭಾವ ಮೂವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ ಓಡಿಸಿ ಕಿವಿ ಅಲ್ಲೇ ಬಿಟ್ಟು ಬಂದವರು. ಅವರೊಂದಿಗೆ ಗುಟ್ಟು ಮಾತಾಡಿದರೆ ಮೂರನೇ ಮನೆಗೆ ಕೇಳಬೇಕು. ಹೆಂಡತಿ ಹೋದ ಮೇಲೆ ಅವರು ಹಿಡಿದದ್ದು ಒಂದೇ ಹಟ. ತಟ್ಟೆಯಾಟದ ಮೈದಾನದ ಬಾಗಿಲಲ್ಲಿ ಅವಳ ಹೆಸರಿನ ಒಂದು ಫಲಕ ಆಗಬೇಕು. ಹದಿನಾಲ್ಕು ವರ್ಷ ಈ ನೆಲ ನೋಡಿಕೊಂಡವಳು ಎಂದು ಒಂದೇ ಸಾಲು. ಅದಕ್ಕಾಗಿ ಪಾರ್ಕಿನ ಆಫೀಸಿಗೆ ಒಂಬತ್ತು ಸಲ ಹೋಗಿ ಬಂದರು. ಕೊನೆಗೆ ಸೂಪರ್‌ವೈಸರ್, ಇವರ ಜೊತೆ ಕೂಗಿ ಮಾತಾಡಿ ಗಂಟಲು ಬಿದ್ದುಹೋಗಿಯೋ ಏನೋ, ಹೂಂ ಅಂದರು. ತಿಂಗಳ ಕೊನೆಗೆ ಫಲಕ ಎಂದು ಗೊತ್ತಾಯಿತು.

ಇತ್ತ ಪಾರ್ಕಿನಲ್ಲಿ ಸ್ಕೇಟ್ ಪಾರ್ಕ್ ದೊಡ್ಡದಾಗುತ್ತಿತ್ತು. ಮೊದಲು ಮೂಲೆಯಲ್ಲಿ ಎರಡು ಇಳಿಜಾರು, ಒಂದು ಕಬ್ಬಿಣದ ಸರಳು ಮಾತ್ರ ಇದ್ದವು. ಈಗ ಈಜುಕೊಳದ ನೀರು ಬಸಿದ ಹಾಗೆ ಒಂದು ದೊಡ್ಡ ಸಿಮೆಂಟ್ ಗುಳಿ ಕಟ್ಟಿದರು. ಹಲಗೆಯ ಮೇಲೆ ನಿಂತು ಅದರೊಳಗೆ ಜಾರಿ, ಎದುರು ಗೋಡೆ ಹತ್ತಿ, ಅಂಚಿನ ಮೇಲೆ ಚಿಮ್ಮಿ ಮತ್ತೆ ಒಳಗೆ ಬೀಳುವುದು. ಅದಕ್ಕೆ ಎಲ್ಲರೂ ಬೋಗುಣಿ ಎನ್ನುತ್ತಿದ್ದರು. ಬೋಗುಣಿಯ ಅಂಚು ಬೆಳೆಯುತ್ತ ಬೆಳೆಯುತ್ತ ಐದನೇ ಬುಟ್ಟಿಯ ನೆಲಕ್ಕೆ ಬಂದು ತಾಗಿತು.

ಜಗಳಕ್ಕೆ ಅಷ್ಟು ಸಾಕಲ್ಲ. ಬುಟ್ಟಿಯ ಬುಡದ ಚಕ್ಕೆ ಚೂರುಗಳು ಆಟಗಾರರ ಬೂಟಿಗೆ ಅಂಟಿ ಸಿಮೆಂಟಿನ ಮೇಲೆ ಬೀಳುತ್ತಿದ್ದವು. ಬೆರಳುಗುರಿನಷ್ಟು ಚೂರು ಸಾಕು, ಚಕ್ರ ಗಕ್ಕನೆ ನಿಂತು ಮೇಲಿದ್ದವರು ಮುಖ ಮುಂದಾಗಿ ಬೀಳುತ್ತಾರೆ. ಹಲಗೆಯವರು ತಟ್ಟೆಯವರನ್ನು ಬೈದರು. ತಟ್ಟೆಯವರು, ನಿಮ್ಮ ಚಕ್ರದ ಗದ್ದಲದಲ್ಲಿ ಗುರಿಯೇ ನಿಲ್ಲುವುದಿಲ್ಲ ಎಂದು ತಿರುಗಿ ಬೈದರು. ತಂಗಿ ದಿನಾ ಬೆಳಿಗ್ಗೆ ಏಳಕ್ಕೆ ಬೋಗುಣಿಯ ಅಂಚು ಗುಡಿಸಿ ಆಮೇಲೆ ತನ್ನ ಬುಟ್ಟಿಗಳ ಕಡೆ ಹೋಗುತ್ತಿದ್ದಳು. ಹಾಗಾಗಿ ಅವಳನ್ನು ಬೈಯುವವರು ಯಾರೂ ಇರಲಿಲ್ಲ.

ತಟ್ಟೆಯವರಲ್ಲಿ ದಿನಾ ಮೊದಲು ಬರುತ್ತಿದ್ದವರು ಅಂಚೆಯಣ್ಣ. ಎಪ್ಪತ್ತೆರಡು ವಯಸ್ಸು, ಮನೆಮನೆಗೆ ಕಾಗದ ಹಂಚಿ ನಿವೃತ್ತಿಯಾದವರು. ಇವರೊಬ್ಬರು ಮಾತ್ರ ಅವಳನ್ನು ನಿಜವಾಗಿ ತಂಗಿ ಅಂದುಕೊಂಡೇ ತಂಗಿ ಅನ್ನುತ್ತಿದ್ದವರು. ಹಲಗೆಯವರಲ್ಲಿ ಮೊದಲು ಬರುತ್ತಿದ್ದವರು ಹಲ್ಲಿನ ಡಾಕ್ಟರಮ್ಮ. ನಲವತ್ತೈದು ದಾಟಿದ ಹೆಂಗಸು, ಕ್ಲಿನಿಕ್ ತೆಗೆಯುವ ಮೊದಲು ಒಂದು ಗಂಟೆ ಮಂಡಿಗೆ ಮೊಣಕೈಗೆ ಕವಚ ಕಟ್ಟಿ ಬೋಗುಣಿಗೆ ಇಳಿಯುತ್ತಿದ್ದರು. "ಈ ವಯಸ್ಸಲ್ಲಿ ಇದೆಲ್ಲ ಬೇಕಾ ಡಾಕ್ಟ್ರೇ?" ಎಂದರೆ, "ದಿನವಿಡೀ ಬೇರೆಯವರ ಬಾಯೊಳಗೇ ಇರ್ತೀನಿ ಅಂಚೆಯಣ್ಣ, ಒಂದು ಗಂಟೆ ಹೊರಗಿರೋಕೆ ಬಿಡಿ" ಎನ್ನುತ್ತಿದ್ದರು.

ಬೋಗುಣಿಗೂ ಐದನೇ ಬುಟ್ಟಿಗೂ ನಡುವೆ ಎತ್ತರದ ಬಲೆ ಕಟ್ಟುವುದು ಎಂದಾಯಿತು. ಬಲೆ ಬರಲು ತಡ. ಅಲ್ಲಿಯವರೆಗೆ ಅಂತ ಆಫೀಸಿನಿಂದ ತಂಗಿಗೆ ಒಂದು ಕಾಗದ ಬಂತು. "ಬಲೆ ಕಟ್ಟುವವರೆಗೆ ಐದನೇ ಬುಟ್ಟಿಯು ಎಡಗುಂಡಿಯಲ್ಲಿಯೇ ಇರತಕ್ಕದ್ದು." ಐದರ ಒಂದು ಗುಂಡಿ ಮರಗಳ ಬದಿಗಿತ್ತು, ಇನ್ನೊಂದು ಬೋಗುಣಿಯ ಬದಿಗೆ. ಬುಟ್ಟಿ ಆಗ ಮರಗಳ ಬದಿಗೇ ಇತ್ತು. ಎಸೆಯುವವರ ಎಡ ಅದೇ, ಆಫೀಸಿನವರು ಹೇಳಿದ್ದೂ ಅದನ್ನೇ. ಇದ್ದಲ್ಲೇ ಇರಲಿ, ಅಲುಗಿಸಬೇಡ ಎಂದು. ತಂಗಿ ನೋಟ್‌ಬುಕ್ ತೆಗೆದು ನೋಡಿದಳು. ಅಕ್ಕನ ಲೆಕ್ಕದಲ್ಲಿ ಮರಗಳ ಬದಿ ಬಲ. ಸರಿ, ಎಡಕ್ಕೆ ಹಾಕಬೇಕಲ್ಲ ಎಂದು ಸೋಮವಾರ ಬೆಳಿಗ್ಗೆ ಬೀಗ ಬಿಚ್ಚಿದಳು. ಕಂಬ ತಿರುಗಿಸಿ ತಿರುಗಿಸಿ ಮೇಲೆತ್ತಿ, ಅಪ್ಪಿ ಹಿಡಿದು, ಕುಡಿದವನನ್ನು ಮನೆಗೆ ಸಾಗಿಸುವ ಹಾಗೆ ಹೆಜ್ಜೆ ಹೆಜ್ಜೆಗೂ ಸುಧಾರಿಸಿಕೊಂಡು ಬೋಗುಣಿಯ ಬದಿಯ ಗುಂಡಿಗೆ ತಂದು ಇಳಿಸಿದಳು.

ಇಳಿಸಿ, ಬೀಗ ಹಾಕಿ, ತಲೆ ಎತ್ತಿ ನೋಡಿದಳು. ಬೋಗುಣಿಯ ಹೊಸ ಅಂಚು ಹದಿನೆಂಟು ಹೆಜ್ಜೆ ದೂರದಲ್ಲಿತ್ತು. ಅಂಚಿನ ಮೇಲೆ ಯಾರದೋ ನೀರಿನ ಬಾಟಲಿ. ಕಣ್ಣಿಗೆ ಎಲ್ಲವೂ ಕಂಡಿತು. ಹತ್ತಿರ ಆಯಿತಲ್ಲ, ಎಂದು ತಲೆಯೊಳಗೆ ಒಂದು ಮಾತೂ ಬಂತು. ಬಸ್ಸಿನ ಕಿಟಕಿಯಲ್ಲಿ ಅಂಗಡಿ ಬೋರ್ಡು ಬಂದು ಹೋಗುತ್ತದಲ್ಲ, ಹಾಗೆ ಬಂತು, ಹೋಯಿತು. ಏನೂ ಅನ್ನಿಸಲಿಲ್ಲ. ಹಳೆ ಗುಂಡಿಗೆ ಮುಚ್ಚಳ ಹಾಕಿ ಆರನೇ ಬುಟ್ಟಿಯ ಕಡೆ ನಡೆದಳು.

ಶುಕ್ರವಾರ ಬೆಳಿಗ್ಗೆ ಅಂಚೆಯಣ್ಣ ಐದನೇ ಹಾಸಿನ ಮೇಲೆ ನಿಂತು ತಟ್ಟೆ ಎಸೆದರು. ಗಾಳಿ ಹಿಂದಿನಿಂದಿತ್ತು. ತಟ್ಟೆ ಬುಟ್ಟಿಯನ್ನು ಕಣ್ಣೆತ್ತಿಯೂ ನೋಡದೆ ಮೇಲಿಂದ ಹಾದುಹೋಯಿತು. ಬೋಗುಣಿಯೊಳಗಿಂದ ಡಾಕ್ಟರಮ್ಮ ಚಿಮ್ಮಿ ಮೇಲೆ ಬಂದದ್ದಕ್ಕೂ ತಟ್ಟೆ ಕೆಳಗಿಳಿದದ್ದಕ್ಕೂ ಒಂದೇ ಗಳಿಗೆ. ಬಾಯಿಗೇ ಬಡಿಯಿತು.

ತಂಗಿ ಓಡಿ ಬಂದಾಗ ಡಾಕ್ಟರಮ್ಮ ಬೋಗುಣಿಯ ತಳದಲ್ಲಿ ಕೂತು ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದರು. ಬಟ್ಟೆ ಕೆಂಪಾಗಿತ್ತು. ಮೇಲ್ದುಟಿ ಸೀಳಿತ್ತು, ಮುಂದಿನ ಹಲ್ಲು ಅರ್ಧ ಇರಲಿಲ್ಲ.

"ಹಲ್ಲು ಹುಡುಕಿ. ಚೂರು ಸಿಕ್ರೆ ಅಂಟಿಸಬಹುದು," ಎಂದರು, ಬಟ್ಟೆಯ ಮರೆಯಿಂದ.

ಅಂಚೆಯಣ್ಣ ಮಂಡಿಯೂರಿ ಹುಡುಕಿದರು. "ಮೂವತ್ತೆಂಟು ವರ್ಷ ಒಂದು ಕಾಗದ ತಪ್ಪು ಮನೆಗೆ ಹಾಕಿಲ್ಲ ತಂಗಿ. ಒಂದು ಕಾಗದ!" ಎಂದು ಅದನ್ನೇ ಅದನ್ನೇ ಅನ್ನುತ್ತಿದ್ದರು. ಹಲ್ಲಿನ ಚೂರು ತಂಗಿಗೆ ಸಿಕ್ಕಿತು. ಅಕ್ಕಿ ಕಾಳಿನಷ್ಟು ಬೆಳ್ಳಗಿತ್ತು. ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಇದು ನನ್ನಿಂದ ಆಯಿತು ಎಂದುಕೊಂಡಳು. ಅಂದುಕೊಂಡ ಮಾತು ಇನ್ನೊಬ್ಬರ ಮನೆಯ ಟೀವಿಯಂತೆ ಗೋಡೆಯಾಚೆ ಕೇಳಿಸಿತು.

ಸೋಮವಾರ ಆಫೀಸಿನಲ್ಲಿ ವಿಚಾರಣೆ. ಕೋಣೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿಯಲ್ಲಿ ಸೂಪರ್‌ವೈಸರ್, ತಂಗಿ, ಅಂಚೆಯಣ್ಣ, ಡಾಕ್ಟರಮ್ಮ, ಗೋಡೆಗೆ ಪಾರ್ಕಿನ ನಕ್ಷೆ. ಸೂಪರ್‌ವೈಸರಿಗೆ ಒಂದು ಅಭ್ಯಾಸವಿತ್ತು, "ಅದು ಒಂದು, ಇನ್ನೊಂದು ಏನಪ್ಪಾ ಅಂದ್ರೆ" ಎಂದು ಶುರು ಮಾಡುವರು, ಇನ್ನೊಂದು ಏನೆಂದು ಅವತ್ತಿನವರೆಗೂ ಯಾರಿಗೂ ಗೊತ್ತಾಗಿರಲಿಲ್ಲ.

"ಕಾಗದದಲ್ಲಿ ಎಡ ಅಂತ ಸ್ಪಷ್ಟವಾಗಿ ಬರೆದಿದ್ದೀನಿ. ಬುಟ್ಟಿ ಬಲಕ್ಕೆ ಹೇಗೆ ಬಂತಮ್ಮಾ?"

"ಎಡಕ್ಕೇ ಹಾಕಿದ್ದು ಸಾರ್."

"ಬೋಗುಣಿ ಯಾವ ಕಡೆ ಇದೆ?"

"ಎಡಕ್ಕೆ."

ಸೂಪರ್‌ವೈಸರ್ ಎದ್ದು ನಕ್ಷೆಯ ಮುಂದೆ ನಿಂತರು. ತಮ್ಮ ಬಲಗೈ ನೋಡಿಕೊಂಡರು, ಎಡಗೈ ನೋಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅಂಚೆಯಣ್ಣ ಕೂತಲ್ಲೇ ತಮ್ಮ ಬಲಗೈಯನ್ನು ಬಚ್ಚಿಟ್ಟುಕೊಂಡರು. ತಂಗಿ ನೋಟ್‌ಬುಕ್ ಮುಂದಿಟ್ಟು ಬುಟ್ಟಿಯ ಮುಖ, ಬುಟ್ಟಿಯ ಕೈ, ಅಕ್ಕನ ಎಡ ಎಲ್ಲ ಹೇಳಿದಳು. ಆಮೇಲೆ ಡಾಕ್ಟರಮ್ಮನಿಗೆ ನಗು ಬಂತು. ಹೊಲಿಗೆ ಹಾಕಿದ ತುಟಿ, ನಕ್ಕರೆ ನೋವು. "ಅಯ್ಯೋ ನಗಿಸ್ಬೇಡಿ" ಎಂದು ತುಟಿ ಹಿಡಿದುಕೊಂಡೇ ನಕ್ಕರು. "ಎಡಕ್ಕೆ ಹಾಕಿ ಎಡವಟ್ಟಾಯ್ತು ಅನ್ನಿ!" ಎಂದರು ಅಂಚೆಯಣ್ಣ, ತಾವೂ ಬದುಕಿಕೊಂಡ ಸಂತೋಷದಲ್ಲಿ.

ಸೂಪರ್‌ವೈಸರಿಗೂ ಎದೆ ಹಗುರಾಯಿತು. "ಹಾಗಾದ್ರೆ ಸರಳ. ನೋಡಿ, ಮೇಲಿನ ಆಫೀಸಿನವರು ಕೇಳೋದು ಒಂದೇ. ಇದು ಕೆಲಸದವರ ಅಸಡ್ಡೆಯೋ, ಪದ್ಧತಿಯ ಗೊಂದಲವೋ ಅಂತ. ಅಸಡ್ಡೆ ಅಂದ್ರೆ ಇವರು ಈ ಕೆಲಸದಲ್ಲಿ ಇರೋ ಹಾಗಿಲ್ಲ, ಐದನೇ ಬುಟ್ಟಿಯ ಜಾಗಾನೂ ಸ್ಕೇಟಿನವರಿಗೆ ಕೊಟ್ಟುಬಿಡಿ ಅಂತಾರೆ. ಗೊಂದಲ ಅಂದ್ರೆ ಬಲೆ ಕಟ್ಟಿ ಮುಗಿಸ್ತೀವಿ. ಹಿಂದೆ ಇದ್ದೋರ ತಪ್ಪು ಪದ್ಧತಿಯಿಂದ ಆದ ಅಪಘಾತ ಅಂತ ಬರೀತೀನಿ, ನಾಳೆ ಬಂದು ಸಹಿ ಹಾಕಿ. ಅದು ಒಂದು, ಇನ್ನೊಂದು ಏನಪ್ಪಾ ಅಂದ್ರೆ..."

ಈ ಸಲ ಇನ್ನೊಂದು ಇತ್ತು. ಫೈಲಿನಲ್ಲಿ ಹೀಗೆ ಬರೆದ ಮೇಲೆ ಅದೇ ಹೆಸರಿನ ಫಲಕ ಬಾಗಿಲಲ್ಲಿ ಹಾಕಲು ಬರುವುದಿಲ್ಲ ಎಂದರು. "ಸ್ವಲ್ಪ ದಿನ ಹೋಗಲಿ. ನಿಮ್ಮ ಭಾವನಿಗೆ ನೀವೇ ಹೇಳಿಬಿಡಿ. ನನ್ನ ಗಂಟಲಲ್ಲಿ ಆಗಲ್ಲ."

ಹೊರಗೆ ಬಂದಾಗ ಡಾಕ್ಟರಮ್ಮ ಅವಳ ತೋಳು ಹಿಡಿದು, "ಸಹಿ ಹಾಕಿ ಬಿಡಿ ತಂಗಿಯಕ್ಕ. ನನಗೆ ಯಾರ ಕೆಲಸ ಹೋಗೋದೂ ಬೇಡ. ಹಲ್ಲೇನು, ನನ್ನ ಅಂಗಡಿಯಲ್ಲೇ ಸಿಗುತ್ತೆ" ಎಂದರು.

ಅವತ್ತು ಸಂಜೆ ಭಾವ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ತಂಗಿ ಎಲ್ಲ ಹೇಳಿದಳು, ಗಟ್ಟಿಯಾಗಿ, ಬಿಡಿಸಿ ಬಿಡಿಸಿ. ಭಾವ ಒಂದು ಅಂಗಿಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಅವರಿಗೆ ಮಡಚಲು ಬರುತ್ತಿರಲಿಲ್ಲ. ಅವಳು ಕೈಯಿಂದ ತೆಗೆದುಕೊಂಡು ತಾನೇ ಮಡಚಿದಳು.

"ಹಾಕು ಸಹಿ," ಎಂದರು ಭಾವ ಕೊನೆಗೆ. "ಅವಳಿಗೆ ಈಗ ಏನಾಗಬೇಕು? ಸತ್ತೋರ ತಲೆ ಮೇಲೆ ಎಷ್ಟು ಹೊರೆ ಇಟ್ರೂ ಇಳಿಸಿ ಅಂತ ಕೇಳಲ್ಲ. ಬದುಕಿರೋಳು ನೀನು. ಕೆಲಸ ಹೋದ್ರೆ ಏನು ಮಾಡ್ತೀಯ? ಫಲಕ ಇಲ್ಲದಿದ್ರೆ ಬೇಡ."

ಹೇಳಿದರು, ಆದರೆ ಬೇಡ ಎನ್ನುವಾಗ ಧ್ವನಿ ಒಡೆಯಿತು. ತಮ್ಮ ಧ್ವನಿ ತಮಗೇ ಕೇಳಿಸದವರಿಗೆ ಅದನ್ನು ಮುಚ್ಚಿಡಲು ಬರುವುದಿಲ್ಲ. ತಂಗಿ ಮೆಲ್ಲಗೆ ಅಂದಳು, "ನನಗೆ ಕಾಣ್ತು ಭಾವ."

"ಏನು?"

"ಬುಟ್ಟಿ ಇಟ್ಟಾಗ. ಕಾಣ್ತು ಅಂದೆ."

"ಕಾಡ್ತು? ಏನು ಕಾಡ್ತು? ಜೋರಾಗಿ ಹೇಳಮ್ಮ!"

"ನನಗೆ ಕಾಣ್ತು!" ಎಂದು ಕೂಗಿದಳು. ಎದುರು ಮನೆಯ ಕಿಟಕಿಯಲ್ಲಿ ಯಾರೋ ಇಣುಕಿದರು. "ಬೋಗುಣಿ ಹತ್ತಿರ ಇದೆ ಅಂತ ಕಾಣ್ತು! ಯಾರಿಗಾದ್ರೂ ಬಡಿಯುತ್ತೆ ಅಂತ ಕುರುಡರಿಗೂ ಗೊತ್ತಾಗೋದು! ಅಕ್ಕ ಆಗಿದ್ರೆ ಎಡ ಬಲ ಏನೇ ಇರಲಿ, ಕಿತ್ತು ಆ ಕಡೆ ಇಟ್ಟು ಬರ್ತಿದ್ಲು! ನಾನು ನೋಡಿದೆ, ನೋಡಿ ಬಿಟ್ಟು ಬಂದೆ!"

ಭಾವ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಅವಳ ಮುಖ ನೋಡಿದರು. ಈ ಹನ್ನೊಂದು ತಿಂಗಳಲ್ಲಿ ಅವಳು ಇಷ್ಟು ಮಾತಾಡಿದ್ದು ಅವರು ಕೇಳಿರಲಿಲ್ಲ. ಅವರಿಗೆ ಕೇಳದೆ ಹೋದದ್ದೂ ಇರಬಹುದು.

"ಯಾಕೆ ಬಿಟ್ಟು ಬಂದೆ?"

"ಏನೂ ಅನ್ನಿಸಲಿಲ್ಲ."

ಅದು ಅವರಿಗೆ ಕೂಗದೆಯೇ ಕೇಳಿಸಿತು. ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ಹೋದರು. ಹೋಗುವಾಗ ಮಾತ್ರ, "ನನಗೂ ಹಾಗೇ ಆಗುತ್ತೆ" ಎಂದರು. ಬಾಗಿಲ ಆಚೆಯಿಂದ, ಬೀದಿಗೆಲ್ಲ ಕೇಳುವ ಹಾಗೆ.

ಮರುದಿನ ತಂಗಿ ಸೂಪರ್‌ವೈಸರ್ ಮುಂದೆ ಅದನ್ನೇ ಹೇಳಿದಳು. ಅವರು ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಹಾಕಿದರು.

"ಅಮ್ಮಾ, ಕಾಣ್ತೋ ಇಲ್ವೋ ಅಂತ ನಿಮ್ಮನ್ನ ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲ ಸಾರ್."

"ಮತ್ತೆ? ಇರೋ ಕಲ್ಲನ್ನ ಕಾಲ ಮೇಲೆ ಯಾಕೆ ಎಳ್ಕೊಳ್ತೀರಿ?"

"ಉಪ್ಪು ತಿಂದೋರು ನೀರು ಕುಡೀಬೇಕಲ್ಲ ಸಾರ್. ತಿಂದೋಳು ನಾನು, ಅಕ್ಕನಿಗೆ ಯಾಕೆ ಕುಡಿಸೋದು."

ಅವರು ಬೇರೆ ಕಾಗದ ತೆಗೆದು ಬರೆಯತೊಡಗಿದರು. ಬುಟ್ಟಿಯ ಸ್ಥಾನ ಅಪಾಯಕಾರಿ ಎಂದು ಗಮನಿಸಿದ್ದರೂ ಸದರಿ ಕೆಲಸಗಾರರು ಸರಿಪಡಿಸಿರುವುದಿಲ್ಲ. ಕಾರಣ, ಎಂದು ಬರೆದು ನಿಲ್ಲಿಸಿದರು. "ಕಾರಣ ಏನು ಹಾಕಲಿ?"

"ಏನೂ ಅನ್ನಿಸಲಿಲ್ಲ ಅಂತ."

"ಅದೆಲ್ಲ ಫೈಲಿನಲ್ಲಿ ಬರೆಯೋಕಾಗಲ್ಲಮ್ಮ." ಸ್ವಲ್ಪ ಯೋಚಿಸಿ ಅಸಡ್ಡೆ ಎಂದು ಬರೆದರು. ಅವಳು ಓದಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಸಹಿ ಹಾಕಿದಳು.

ಆಗಬೇಕಾದದ್ದು ಆಯಿತು. ಐದನೇ ಬುಟ್ಟಿಯ ನೆಲ ಹಲಗೆಯವರಿಗೆ ಹೋಯಿತು. ಕಂಬ ಕಿತ್ತು, ಎರಡು ಗುಂಡಿಗೂ ಸಿಮೆಂಟ್ ತುಂಬಿದ್ದು ತಂಗಿಯೇ. ಅಂಚೆಯಣ್ಣ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಬಂದು, "ಅಲ್ಲ ತಂಗಿ, ಬಾಯಿ ಮುಚ್ಕೊಂಡಿದ್ರೆ ಒಂಬತ್ತು ಇರ್ತಿತ್ತು. ನಾಲ್ಕಾದ ಮೇಲೆ ಆರು ಅಂದ್ರೆ ಎಣಿಸೋಕೆ ನಾಲಿಗೆನೇ ಹೊರಳಲ್ಲ" ಎಂದು ಗೊಣಗಿ, ಆರನೇ ಹಾಸಿನ ಕಡೆ ಹೋದರು. ಫಲಕ ತಿಂಗಳ ಕೊನೆಗೆ ಹೇಳಿದ ದಿನಕ್ಕೆ ಬಂತು. ಭಾವ ಸ್ಕ್ರೂ ಡ್ರೈವರ್ ತಾವೇ ಮನೆಯಿಂದ ತಂದು, ಆಫೀಸಿನವರನ್ನು ಮುಟ್ಟಗೊಡದೆ ಕೂರಿಸಿದರು. ಒಂದು ಸಾಲು ಓದಲು ಎಷ್ಟು ಹೊತ್ತು ಬೇಕು, ಆದರೆ ಅವರು ಅಲ್ಲಿ ಅರ್ಧ ಗಂಟೆ ನಿಂತಿದ್ದರು.

ತಂಗಿಯನ್ನು ಪಾರ್ಕಿನ ಹಿಂಭಾಗದಲ್ಲಿ ತರಗೆಲೆ ಗೊಬ್ಬರ ಮಾಡುವ ಅಂಗಳಕ್ಕೆ ಹಾಕಿದರು. ಬೀದಿಗೆ ಹಾಕಲಿಲ್ಲ, ಅದಕ್ಕೆ ಡಾಕ್ಟರಮ್ಮ ಮೇಲಿನ ಆಫೀಸಿಗೆ ಬರೆದ ಒಂದು ಚೀಟಿ ಕಾರಣ ಎಂದು ಜನ ಹೇಳುತ್ತಾರೆ. ಹೋಗುವ ಮೊದಲು ಒಂದು ದಿನ, ಹೊಸಬರಿಗೆ ಮೈದಾನ ಒಪ್ಪಿಸಿ ಹೋಗಬೇಕಿತ್ತು.

ಹೊಸಬರು ಬೇರೆ ಊರಿನ ಈಜುಕೊಳದಲ್ಲಿ ಕೆಲಸ ಮಾಡುತ್ತಿದ್ದವರು, ನಲವತ್ತರ ಆಸುಪಾಸಿನ ಗಂಡಸು, ತೆಳ್ಳಗೆ, ಕಿವಿಯ ಹಿಂದೆ ಪೆನ್ಸಿಲ್. ಇಲ್ಲಿ ಯಾರ ಪರಿಚಯವೂ ಇರಲಿಲ್ಲ. ತಂಗಿ ಅವರಿಗೆ ಒಂದೊಂದೇ ಬುಟ್ಟಿ ತೋರಿಸುತ್ತ ಬಂದಳು. ಇಲ್ಲಿ ಮಳೆ ನೀರು ನಿಲ್ಲುತ್ತೆ, ಚಕ್ಕೆ ಎರಡು ಪಟ್ಟು ಬೇಕು. ಈ ಬೀಗ ಎಣ್ಣೆ ಕೇಳುತ್ತೆ. ಈ ಸರಪಳಿಯ ಒಳಸುತ್ತಿನ ಮೂರನೇ ಎಳೆ ಸವೆದಿದೆ, ಇನ್ನೊಂದು ತಿಂಗಳು ಬರಬಹುದು. ಅವರು ಪ್ರತಿಯೊಂದಕ್ಕೂ ಹೂಂ ಎಂದು ಬರೆದುಕೊಂಡರು. ಎಡ ಬಲದ ವಿಷಯ ಬಂದಾಗ ಅವಳು ಹಾಸಿನ ಮೇಲೂ ನಿಲ್ಲಿಸಿ, ಬುಟ್ಟಿಯ ಪಕ್ಕವೂ ನಿಲ್ಲಿಸಿ, ಎರಡು ಸಲ ಹೇಳಿಕೊಟ್ಟಳು.

ಎಂಟನೇ ಬುಟ್ಟಿಯ ಹತ್ತಿರ ಅವರು ನೋಟ್‌ಬುಕ್ ತಿರುವುತ್ತ ಕೇಳಿದರು. "ಇದನ್ನ ಬರೆದಿರೋದು ನೀವಲ್ಲ ಅಲ್ವಾ? ಅಕ್ಷರ ಬೇರೆ ಇದೆ. ಯಾರು ಇವರು?"

ಇಷ್ಟು ದಿನ ತಂಗಿಯನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಪಾರ್ಕಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಭಾವನಿಗಂತೂ ಗೊತ್ತೇ ಇತ್ತು. ಯಾರಿಗೂ ಹೇಳಬೇಕಾಗಿಯೇ ಬಂದಿರಲಿಲ್ಲ.

"ನನ್ನ ಅಕ್ಕ," ಎಂದಳು. ಆಮೇಲೆ, "ತೀರಿಕೊಂಡಳು. ಹೋದ ವರ್ಷ."

ಸಾಮಾನ್ಯ ಧ್ವನಿಯಲ್ಲೇ ಬಂತು. ಬೀಗ ಎಣ್ಣೆ ಕೇಳುತ್ತೆ ಎಂದಷ್ಟೇ ಸಾಮಾನ್ಯವಾಗಿ. ಹೇಳಿದ ಮೇಲೆ ಮಾತ್ರ ಅವಳಿಗೆ ಕೂರಬೇಕು ಅನ್ನಿಸಿತು. ಬುಟ್ಟಿಯ ಬುಡದ ಚಕ್ಕೆಯ ಮೇಲೆ ಕಾಲು ಚಾಚಿ ಕೂತಳು. 

"ಅಯ್ಯೋ ಪಾಪ," ಎಂದರು ಹೊಸಬರು. ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ತಾವೂ ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತರು. ಬೋಗುಣಿಯ ಕಡೆಯಿಂದ ಚಕ್ರದ ಸದ್ದು ಏರುತ್ತಿತ್ತು, ಇಳಿಯುತ್ತಿತ್ತು. 

"ಮಂಡಿ ನೋವಾ?" ಎಂದು ಕೇಳಿದರು ಒಂದು ಗಳಿಗೆ ಬಿಟ್ಟು.

"ಮಂಡಿನೂ ಇದೆ," ಎಂದಳು ತಂಗಿ.

ಇನ್ನು ಒಂಬತ್ತನೆಯದೊಂದು ಬಾಕಿ ಇತ್ತು. ಹೊಸಬರು ಅವಸರ ಮಾಡಲಿಲ್ಲ.